ಸಂತೇಪೇಟೆಯಿಂದ ರಿಂಗ್ ರಸ್ತೆಯವರೆಗೆ

ಮೈಸೂರಿಗೆ ನೆಂಟರು ಬಂದರೆ ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ, ಸಂಜೆಗೆ ಬೃಂದಾವನ ಇಷ್ಟನ್ನು ತೋರಿಸಿ ಬಸ್ಸು ಹತ್ತಿಸುವುದು ವಾಡಿಕೆ. ಊರಿನವರು ದಿನವೂ ಓಡಾಡುವ, ಆದರೆ ಯಾವ ನೆಂಟರಿಗೂ ತೋರಿಸದ ಇನ್ನೊಂದು ಮೈಸೂರು ಇದೆ. ಅದು ಕೈಯಲ್ಲಿ ಚೀಲ ಹಿಡಿದವರ ಮೈಸೂರು. ದೇವರಾಜ ಮಾರುಕಟ್ಟೆ, ಸಂತೇಪೇಟೆ, ಮಂಡಿ ಮೊಹಲ್ಲಾ, ಅಗ್ರಹಾರದ ವಾಣಿವಿಲಾಸ ಮಾರುಕಟ್ಟೆ, ನಂಜನಗೂಡು ರಸ್ತೆಯ ಬಂಡೀಪಾಳ್ಯ, ಈಚೆಗೆ ರಿಂಗ್ ರಸ್ತೆಯ ಆಸುಪಾಸಿನಲ್ಲಿ ಎದ್ದುನಿಂತಿರುವ ಗೋದಾಮಿನಂಥ ದಿನಸಿ ಮಳಿಗೆಗಳು, ಇವೆಲ್ಲ ಸೇರಿದರೆ ಆ ಮೈಸೂರಿನ ನಕ್ಷೆ ಸಿದ್ಧವಾಗುತ್ತದೆ.

ಈ ನಕ್ಷೆಯಲ್ಲಿ ಎಲ್ಲಿಗೇ ಹೋದರೂ ಒಂದಲ್ಲ ಒಂದು ದಿನ ಕೇಳಲೇಬೇಕಾದ ಮಾತು ಒಂದಿದೆ. ಅದು 'ಇಲ್ಲ' ಎಂಬ ಮಾತು. ಕೇಳಿದ್ದು ಸಿಕ್ಕಿದಾಗ ನಾವು ಯೋಚಿಸುವುದಿಲ್ಲ. ಸಿಗದಿದ್ದಾಗ ಮಾತ್ರ ಆ ವಸ್ತು ಎಲ್ಲಿಂದ ಬರುತ್ತದೆ, ಯಾರು ತರುತ್ತಾರೆ, ಯಾಕೆ ಬರಲಿಲ್ಲ ಎಂಬ ಪ್ರಶ್ನೆಗಳು ಹುಟ್ಟುತ್ತವೆ. ಪ್ರಶ್ನೆ ಹುಟ್ಟಿದ ಮೇಲೆ ವಿಜ್ಞಾನದ ಮೇಷ್ಟ್ರಿಗೆ ಸುಮ್ಮನಿರಲು ಸಾಧ್ಯವೆ? ಹೀಗಾಗಿ ಕಳೆದ ಕೆಲವು ತಿಂಗಳು ನಾನು ಚೀಲದ ಜೊತೆಗೆ ಒಂದು ಪುಟ್ಟ ನೋಟ್‌ಬುಕ್ಕನ್ನೂ ಹಿಡಿದುಕೊಂಡೇ ಅಂಗಡಿಗಳನ್ನು ಸುತ್ತಿದ್ದೇನೆ. ವಿದ್ಯಾರ್ಥಿಗಳಿಗೂ ಅವರ ತಾಯ್ತಂದೆಯರಿಗೂ ಉಪಯೋಗವಾದೀತೆಂದು ಆ ಸುತ್ತಾಟದಲ್ಲಿ ಕಂಡದ್ದನ್ನು ಇಲ್ಲಿ ಹೇಳುತ್ತೇನೆ.

ಕಾಲ ಹೇಳುವ 'ಇಲ್ಲ'

ಮೊದಲು ದೇವರಾಜ ಮಾರುಕಟ್ಟೆಗೆ ಹೋಗೋಣ. ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಕಾಲಿಟ್ಟರೆ ಹೂವಿನ ರಾಶಿ, ಬಾಳೆಗೊನೆ, ವೀಳ್ಯದೆಲೆ, ಕುಂಕುಮದ ಗೋಪುರಗಳು ಒಂದರ ಹಿಂದೆ ಒಂದು ಬರುತ್ತವೆ. ಇಲ್ಲಿಯ ಅಂಗಡಿಗಳಿಗೆ ಪಂಚಾಂಗವೇ ಕಪಾಟು. ಸಂಕ್ರಾಂತಿಗೆ ಕಬ್ಬು, ಅದರ ಹಿಂದುಮುಂದಿನ ಚಳಿಯಲ್ಲಿ ಸೊಗಡಿನ ಅವರೆಕಾಯಿ, ಯುಗಾದಿಗೆ ಮಾವಿನೆಲೆ ಬೇವು, ಆಯುಧಪೂಜೆಗೆ ಬೂದುಗುಂಬಳದ ಗುಡ್ಡ. ಜೂನ್ ತಿಂಗಳಲ್ಲಿ ಹೋಗಿ ಸೊಗಡಿನ ಅವರೆ ಕೇಳಿದರೆ ಅಂಗಡಿಯಾಕೆ ನಕ್ಕು, "ಇದೇನ್ ಸಾಮಿ, ಈಗ ಅವರೆ ಕೇಳ್ತೀರಾ, ಚಳಿ ಬರಲಿ" ಎನ್ನುತ್ತಾರೆ. ಈ 'ಇಲ್ಲ'ಕ್ಕೆ ಯಾರೂ ಸಿಟ್ಟಾಗುವುದಿಲ್ಲ. ಯಾಕೆಂದರೆ ಅದರೊಳಗೆ ಕಾರಣವೂ ಇದೆ, ಮತ್ತೆ ಯಾವಾಗ ಬರುತ್ತದೆ ಎಂಬ ಭರವಸೆಯೂ ಇದೆ.

ಇದೇ ಮಾರುಕಟ್ಟೆಯಲ್ಲಿ ಇನ್ನೊಂದು ಜಾತಿಯ 'ಇಲ್ಲ'ವೂ ಇದೆ, ಅದು ಸ್ವಲ್ಪ ನೋವಿನದು. ನಂಜನಗೂಡು ರಸಬಾಳೆಯನ್ನೇ ತೆಗೆದುಕೊಳ್ಳಿ. ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಹಣ್ಣು. ಆದರೆ ಪನಾಮಾ ಸೊರಗು ರೋಗ ಎಂಬ ಮಣ್ಣಿನ ಶಿಲೀಂಧ್ರದ ಕಾಟದಿಂದ ತೋಟಗಳು ಕುಗ್ಗುತ್ತಾ ಬಂದವು. ಫ್ಯುಸೇರಿಯಂ ಎಂಬ ಈ ಶಿಲೀಂಧ್ರ ಒಮ್ಮೆ ಮಣ್ಣಿಗೆ ಸೇರಿತೆಂದರೆ ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ, ಬೇರಿನ ಮೂಲಕ ಹೊಕ್ಕು ಗಿಡದ ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ನಂಜನಗೂಡು ರಸ್ತೆಯ ಆಸುಪಾಸಿನ ಮೈಸೂರು ವೀಳ್ಯದೆಲೆಯ ತೋಟಗಳ ಕಥೆ ಬೇರೆ. ಅಲ್ಲಿ ರೋಗಕ್ಕಿಂತ ಹೆಚ್ಚು ಜಾಗ ತಿಂದದ್ದು ಬೆಳೆಯುವ ಊರು. ಅವರೆಯ 'ಇಲ್ಲ' ಚಳಿಗಾಲ ಬಂದರೆ ಮುಗಿಯುತ್ತದೆ. ತೋಟವೇ ಹೋದ ಮೇಲಿನ 'ಇಲ್ಲ' ಹಾಗೆ ಮುಗಿಯುವುದಿಲ್ಲ.

ಮಾರುಕಟ್ಟೆಯ ಕಟ್ಟಡಕ್ಕೂ ಈ ಭಯ ತಟ್ಟಿದೆ. 2016ರ ಆಗಸ್ಟ್‌ನಲ್ಲಿ ಧನ್ವಂತರಿ ರಸ್ತೆಯ ಕಡೆಯ ಒಂದು ಭಾಗ ಕುಸಿಯಿತು. ಕೆಡವಿ ಹೊಸದಾಗಿ ಕಟ್ಟಬೇಕೋ, ದುರಸ್ತಿ ಮಾಡಿ ಉಳಿಸಿಕೊಳ್ಳಬೇಕೋ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು.

ಪಡಿತರ ಚೀಟಿಯ 'ಇಲ್ಲ'

ನನ್ನ ವಯಸ್ಸಿನವರಿಗೆ 'ಇಲ್ಲ' ಎಂದೊಡನೆ ನೆನಪಿಗೆ ಬರುವುದು ನ್ಯಾಯಬೆಲೆ ಅಂಗಡಿಯ ಕರಿಹಲಗೆ. ಸೀಮೆಎಣ್ಣೆ ಬಂದಿದೆ, ಸಕ್ಕರೆ ಬಂದಿಲ್ಲ ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತಿತ್ತು. ಡಬ್ಬಗಳನ್ನೂ ಚೀಲಗಳನ್ನೂ ಸಾಲಿನಲ್ಲಿಟ್ಟು ನಾವು ಹುಡುಗರು ಪಕ್ಕದಲ್ಲಿ ಗೋಲಿ ಆಡುತ್ತಿದ್ದೆವು.

ಅದಕ್ಕೂ ಹಿಂದಿನವರು ಕಂಡದ್ದು ಇನ್ನೂ ಕಠಿಣ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಬರ್ಮಾ ಜಪಾನಿನ ಕೈಗೆ ಸಿಕ್ಕಿತು. ಅಲ್ಲಿಂದ ಹಡಗಿನಲ್ಲಿ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಮೈಸೂರು ಸಂಸ್ಥಾನದಲ್ಲೂ ಪಡಿತರ ಪದ್ಧತಿ ಬಂತು. ಸ್ವಾತಂತ್ರ್ಯ ಬಂದ ಮೇಲೆ, 1965ರ ಕಷ್ಟದ ದಿನಗಳಲ್ಲಿ, ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ದೇಶದ ಜನರನ್ನು ಕೇಳಿಕೊಂಡರು. 1966ರಲ್ಲಿ ದೆಹಲಿಯಲ್ಲಿ ಸೂಪರ್ ಬಜಾರ್ ಎಂಬ ಸಹಕಾರಿ ಮಳಿಗೆ ತೆರೆಯಿತು. ನಮ್ಮ ಕಡೆ ಜನತಾ ಬಜಾರ್‌ಗಳು ಇದೇ ಉದ್ದೇಶದಿಂದ ನಡೆದವು. ಒಂದೇ ಸೂರಿನಡಿ, ನ್ಯಾಯವಾದ ಬೆಲೆಗೆ, ಎಲ್ಲವೂ ಸಿಗಬೇಕು ಎಂಬ ಆಸೆ ಇಂದಿನ ಮಾಲ್‌ಗಳಿಗಿಂತ ಹಳೆಯದು.

ಅದೆಲ್ಲ ಹಳೆಯ ಕಾಲ ಎಂದುಕೊಳ್ಳುವ ಹಾಗಿಲ್ಲ. 2023ರಲ್ಲಿ ಅನ್ನಭಾಗ್ಯ ಯೋಜನೆಯಲ್ಲಿ ಹೆಚ್ಚುವರಿ ಐದು ಕಿಲೋ ಅಕ್ಕಿ ಕೊಡಲು ರಾಜ್ಯ ಸರ್ಕಾರ ಹೊರಟಾಗ, ಕೇಂದ್ರವು ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಆ ಜೂನ್‌ನಲ್ಲಿ ನಿಲ್ಲಿಸಿತು. ಹಣವಿದ್ದರೂ ಅಷ್ಟು ಅಕ್ಕಿ ಒಟ್ಟಿಗೆ ಸಿಗಲಿಲ್ಲ. ಜುಲೈನಿಂದ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಹಾಕುವ ವ್ಯವಸ್ಥೆಯಾಯಿತು. 2025ರ ಆರಂಭದಲ್ಲಿ ಹಣದ ಬದಲು ಮತ್ತೆ ಅಕ್ಕಿಯನ್ನೇ ಕೊಡುವ ತೀರ್ಮಾನವಾಯಿತು. ಒಂದು ಸರ್ಕಾರಕ್ಕೇ ಬೇಕಾದಾಗ ಬೇಕಾದ ಸರಕು ಸಿಗದಿರಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ರಿಂಗ್ ರಸ್ತೆಯ ಗೋದಾಮು

ಈಗ ಹೊಸ ಮಳಿಗೆಗೆ ಬರೋಣ. ಹೆಸರು ಬೇಡ, ಇಂಥವು ಹಲವಿವೆ. ಎತ್ತರದ ತಗಡಿನ ಚಾವಣಿ, ಸಿಮೆಂಟಿನ ನೆಲ, ಮೂರಾಳು ಎತ್ತರದ ಕಬ್ಬಿಣದ ಅಟ್ಟಗಳು, ಅಟ್ಟದ ಮೇಲೆ ಪೆಟ್ಟಿಗೆ ಬಿಚ್ಚದೆಯೇ ಪೇರಿಸಿದ ಸರಕು. ತಳ್ಳುಗಾಡಿ ಹಿಡಿದು ಒಳಗೆ ಹೋದರೆ ತಿಂಗಳ ದಿನಸಿ ಒಂದೇ ಸಲಕ್ಕೆ ಮುಗಿಯುತ್ತದೆ. ಬೆಲೆ ಕಡಿಮೆ, ತೂಕ ಸರಿ, ಪೊಟ್ಟಣದ ಮೇಲೆ ತಾರೀಖು, ಕೈಗೆ ಬಿಲ್ಲು. ಇಬ್ಬರು ಮಕ್ಕಳ ಶಾಲಾ ಶುಲ್ಕ, ಮನೆಯ ಸಾಲದ ಕಂತು ಕಟ್ಟುವ ಸಂಸಾರಕ್ಕೆ ತಿಂಗಳಿಗೆ ಉಳಿಯುವ ನಾಲ್ಕು ಕಾಸು ಸಣ್ಣದಲ್ಲ. ಆದ್ದರಿಂದಲೇ ನಮ್ಮ ಬಡಾವಣೆಯ ಅರ್ಧ ಜನ ಭಾನುವಾರ ಬೆಳಿಗ್ಗೆ ಅಲ್ಲಿಯೇ ಸಿಗುತ್ತಾರೆ.

ತೊಂದರೆ ಶುರುವಾಗುವುದು ಎರಡನೆಯ, ಮೂರನೆಯ ತಿಂಗಳಲ್ಲಿ. ಹೋದ ತಿಂಗಳು ಇದ್ದದ್ದು ಈ ತಿಂಗಳು ಇರುವುದಿಲ್ಲ. ನಮ್ಮ ತಾಯಿಗೆ ಎಂಬತ್ತು ದಾಟಿದೆ. ಒಂದು ಕಾಯಿಲೆಯಿಂದ ಎದ್ದ ಮೇಲೆ ರಾತ್ರಿಯ ಹೊತ್ತು ಕೆಂಪಕ್ಕಿ ನುಚ್ಚಿನ ಗಂಜಿ ಬಿಟ್ಟು ಬೇರೇನೂ ಒಗ್ಗುವುದಿಲ್ಲ. ಸುಮಾರು ಒಂದು ವರ್ಷ ಆ ನುಚ್ಚು ಇಂಥದೇ ಒಂದು ಮಳಿಗೆಯಲ್ಲಿ ತಪ್ಪದೆ ಸಿಕ್ಕಿತು. ಒಂದು ಭಾನುವಾರ ಹೋದರೆ ಆ ಜಾಗದಲ್ಲಿ ಮಸಾಲೆ ಓಟ್ಸ್ ಕುಳಿತಿತ್ತು. ಮುಂದಿನ ವಾರವೂ ಅದೇ. ಅದರ ಮುಂದಿನ ವಾರವೂ ಅದೇ.

ನನ್ನ ಶ್ರೀಮತಿ, "ಏನೂಂದ್ರೆ, ಯಾರನ್ನಾದ್ರೂ ಕೇಳಿ ನೋಡ್ರೀ, ಅಟ್ಟದ ಮೇಲೇನಾದ್ರೂ ಇರಬಹುದು" ಎಂದಳು. ಅಟ್ಟದ ಬಳಿ ನಿಂತಿದ್ದ ಹುಡುಗ ತಿರುಗಿ ನೋಡಿ, "ನಮಸ್ಕಾರ ಸಾರ್" ಎಂದ. ಹತ್ತನೆಯ ತರಗತಿಯಲ್ಲಿ ನನ್ನ ಕೈಯಲ್ಲಿ ಓದಿದವನು. ಕೈಯಲ್ಲಿದ್ದ ಪುಟ್ಟ ಯಂತ್ರದಲ್ಲಿ ನೋಡಿ, "ಸಾರ್, ಸಿಸ್ಟಮ್‌ನಲ್ಲಿ ಆರು ಪ್ಯಾಕೆಟ್ ತೋರಿಸ್ತಿದೆ. ಆದ್ರೆ ಇಲ್ಲಿ ಇಲ್ಲ" ಎಂದ. ಹಾಗಾದರೆ ತರಿಸಬಹುದಲ್ಲ ಎಂದೆ. "ಆರ್ಡರ್ ನಾವು ಹಾಕೋದಲ್ಲ ಸಾರ್, ಅದೇ ಹಾಕುತ್ತೆ. ಆರು ಇದೆ ಅಂತ ಇರೋವರೆಗೂ ಅದು ಹಾಕಲ್ಲ. ನಮ್ಮ ಕೈಲಿ ಏನೂ ಇಲ್ಲ" ಎಂದು ಮುಖ ಸಣ್ಣದು ಮಾಡಿಕೊಂಡ.

ಆ ಹುಡುಗ ಹೇಳಿದ ಮಾತಿನಲ್ಲಿ ಒಂದು ಒಳ್ಳೆಯ ಪಾಠವಿದೆ. ಮಳಿಗೆಯಲ್ಲಿ ಬಿಲ್ಲು ಹಾಕುವಾಗ ಪಟ್ಟಿಸಂಕೇತವನ್ನು ಓದಿ ಲೆಕ್ಕದಿಂದ ಒಂದು ಕಳೆಯುತ್ತಾರೆ. ಪೊಟ್ಟಣ ಹರಿದು ಚೆಲ್ಲಿಹೋದರೆ, ಯಾರೋ ತೆಗೆದು ಸಾಬೂನಿನ ಅಟ್ಟದಲ್ಲಿಟ್ಟು ಹೋದರೆ, ಕಳುವಾದರೆ ಆ ಲೆಕ್ಕ ಕಳೆಯುವುದಿಲ್ಲ. ಯಂತ್ರದ ಲೆಕ್ಕದಲ್ಲಿ ಆರು ಇದೆ, ಅಟ್ಟದಲ್ಲಿ ಸೊನ್ನೆ. ಅಟ್ಟದಲ್ಲಿಲ್ಲದ್ದು ಮಾರಾಟವಾಗುವುದಿಲ್ಲ, ಮಾರಾಟವಾಗದೆ ಯಂತ್ರದ ಆರು ಐದಾಗುವುದಿಲ್ಲ, ಆರು ಕಡಿಮೆಯಾಗದೆ ಹೊಸ ಬೇಡಿಕೆ ಹೋಗುವುದಿಲ್ಲ. ಯಾರಾದರೂ ಮನುಷ್ಯರು ಎಣಿಸಿ ತಿದ್ದುವವರೆಗೆ ಈ ಚಕ್ರ ಹೀಗೆಯೇ ನಿಂತಿರುತ್ತದೆ. ವ್ಯಾಪಾರದವರು ಇದಕ್ಕೆ ಭೂತದ ದಾಸ್ತಾನು ಎಂಬ ಅರ್ಥ ಬರುವ ಹೆಸರಿಟ್ಟಿದ್ದಾರೆ. ಹೆಸರು ತಕ್ಕುದಾಗಿದೆ.

ಅಗ್ಗದ ಬೆಲೆಯ ಗುಟ್ಟು

ಭೂತದ ದಾಸ್ತಾನು ಒಂದು ಕಾರಣ ಮಾತ್ರ. ಗೋದಾಮು ಮಾದರಿಯ ಮಳಿಗೆಯ ಹುಟ್ಟಿನಲ್ಲೇ ಇನ್ನೊಂದು ಕಾರಣವಿದೆ. 1976ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಸೋಲ್ ಪ್ರೈಸ್ ಎಂಬವರು ಪ್ರೈಸ್ ಕ್ಲಬ್ ಎಂಬ ಮಳಿಗೆ ತೆರೆದರು. ಸಗಟು ಗೋದಾಮನ್ನೇ ಅಂಗಡಿ ಮಾಡುವ ಈ ವಿಧಾನವನ್ನು 1983ರಲ್ಲಿ ಸಿಯಾಟಲ್‌ನಲ್ಲಿ ಆರಂಭವಾದ ಕಾಸ್ಟ್‌ಕೊ ಬೆಳೆಸಿತು. ಮುಂದೆ 1993ರಲ್ಲಿ ಎರಡೂ ಒಂದಾದವು. ಮಾಮೂಲಿ ಅಮೆರಿಕನ್ ಸೂಪರ್ ಮಾರ್ಕೆಟ್ಟಿನಲ್ಲಿ ಸುಮಾರು ಮೂವತ್ತು ಸಾವಿರ ಬಗೆಯ ಸರಕುಗಳಿದ್ದರೆ, ಇಂಥ ಗೋದಾಮಿನಲ್ಲಿ ನಾಲ್ಕು ಸಾವಿರದ ಆಸುಪಾಸು. ಕಡಿಮೆ ಬಗೆ, ಪ್ರತಿ ಬಗೆಯಲ್ಲೂ ಲಾರಿಗಟ್ಟಲೆ ಖರೀದಿ, ಒಳ್ಳೆಯ ದರ ಸಿಕ್ಕಿದಾಗ ಕೊಳ್ಳುವುದು, ಸಿಗದಿದ್ದರೆ ಬಿಡುವುದು. ಬೆಲೆ ಅಗ್ಗವಾಗುವುದೇ ಹೀಗೆ. ಅಂದರೆ, 'ಇವತ್ತಿದೆ, ನಾಳೆ ಗೊತ್ತಿಲ್ಲ' ಎಂಬುದು ಅನೇಕ ಸಲ ಆ ವ್ಯಾಪಾರದ ದೋಷವಲ್ಲ, ಅದರ ಕ್ರಮವೇ. ನಮ್ಮೂರಿನ ಮಳಿಗೆಗಳು ಅಮೆರಿಕದ್ದರ ಪಡಿಯಚ್ಚಲ್ಲದಿದ್ದರೂ ಈ ಲೆಕ್ಕಾಚಾರ ಅವುಗಳಿಗೂ ಅನ್ವಯಿಸುತ್ತದೆ.

ಹಾಗಾದರೆ ಮೊದಲು ಜಾಗ ಕಳೆದುಕೊಳ್ಳುವುದು ಯಾವುದು? ನಿಧಾನವಾಗಿ ಮಾರಾಟವಾಗುವುದು ಮತ್ತು ಬೇಗ ಕೆಡುವುದು. ನಮ್ಮ ಕೆಂಪಕ್ಕಿ ನುಚ್ಚು ಎರಡೂ ಪಟ್ಟಿಗೆ ಸೇರುತ್ತದೆ. ಪಾಲಿಷ್ ಮಾಡದ ಅಕ್ಕಿಯ ಮೇಲೆ ತೌಡಿನ ಪದರ ಉಳಿದಿರುತ್ತದೆ. ತೌಡಿನಲ್ಲಿ ಎಣ್ಣೆಯೂ ಇದೆ, ಆ ಎಣ್ಣೆಯನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಇದೆ. ಕಾಳು ಇಡಿಯಾಗಿದ್ದಾಗ ಎರಡೂ ಬೇರೆ ಬೇರೆ ಇರುತ್ತವೆ. ಕಾಳು ಒಡೆದರೆ ಒಂದಕ್ಕೊಂದು ತಾಗುತ್ತವೆ, ಕಮಟು ವಾಸನೆ ಶುರುವಾಗುತ್ತದೆ. ಬಿಳಿ ಅಕ್ಕಿ ವರ್ಷಗಟ್ಟಲೆ ಕಾದೀತು, ಕೆಂಪು ನುಚ್ಚು ಕಾಯುವುದಿಲ್ಲ. ಆಹಾರ ಎಷ್ಟು ದಿನ ತಾಳುತ್ತದೆ, ಯಾಕೆ ಕೆಡುತ್ತದೆ ಎಂಬ ಇಂಥ ಪ್ರಶ್ನೆಗಳಿಗಾಗಿಯೇ ನಮ್ಮೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಸಿಎಫ್‌ಟಿಆರ್‌ಐ ಆರಂಭವಾಯಿತು. ಆ ಮಹಲಿನ ಮುಂದೆ ದಿನವೂ ಬಸ್ಸಿನಲ್ಲಿ ಹೋಗುವ ಮಕ್ಕಳು ಇದನ್ನು ನೆನಪಿಡಬೇಕು.

ಹತ್ತು ನೂರಅರವತ್ತಾಗುವ ಬಗೆ

ಇನ್ನು ಮೂರನೆಯ ಕಾರಣ, ವಿದ್ಯಾರ್ಥಿಗಳು ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಬಹುದಾದದ್ದು. ಒಂದು ಅಂಗಡಿ ವಾರಕ್ಕೆ 100 ಸಾಬೂನು ಮಾರುತ್ತದೆ, 100 ತರಿಸುತ್ತದೆ ಎಂದುಕೊಳ್ಳಿ. ಎರಡು ವಾರದ ಮಾರಾಟದಷ್ಟು, ಅಂದರೆ 200 ಸಾಬೂನು, ಸದಾ ಕೈಯಲ್ಲಿರಬೇಕೆಂಬುದು ಅಂಗಡಿಯ ನಿಯಮ. ಸಗಟು ವ್ಯಾಪಾರಿಯದೂ ಅದೇ ನಿಯಮ. ಹಾಕಿದ ಬೇಡಿಕೆಯ ಸರಕು ಮರುವಾರ ಬರುತ್ತದೆ.

ಒಂದು ವಾರ ಹಬ್ಬದ ನಿಮಿತ್ತ 110 ಮಾರಾಟವಾಯಿತು. ಬಂದದ್ದು 100, ಹೋದದ್ದು 110, ಉಳಿದದ್ದು 190. ವಾರಕ್ಕೆ 110 ಎಂದಾದರೆ ಎರಡು ವಾರಕ್ಕೆ 220 ಬೇಕು, 30 ಕಡಿಮೆ. ಆದ್ದರಿಂದ ಅಂಗಡಿ 110ಕ್ಕೆ 30 ಸೇರಿಸಿ 140 ಕೇಳುತ್ತದೆ. ಸಗಟು ವ್ಯಾಪಾರಿಗೆ ಬಂದದ್ದು 100, ಕಳುಹಿಸಿದ್ದು 140, ಉಳಿದದ್ದು 160. ಅವನಿಗೀಗ 140ರ ಎರಡರಷ್ಟು, 280 ಬೇಕು, 120 ಕಡಿಮೆ. ಅವನು ಕಾರ್ಖಾನೆಗೆ 260 ಕೇಳುತ್ತಾನೆ. ಗಿರಾಕಿಗಳು ಹೆಚ್ಚು ಕೇಳಿದ್ದು ಬರೀ ಹತ್ತು, ಕಾರ್ಖಾನೆಗೆ ಕೇಳಿಸಿದ್ದು ನೂರಅರವತ್ತು ಹೆಚ್ಚು.

ಹಬ್ಬ ಮುಗಿದು ಮರುವಾರ ಮಾರಾಟ ಮತ್ತೆ 100ಕ್ಕೆ ಬಂದರೆ ಅಂಗಡಿಯಲ್ಲಿ 230 ಉಳಿಯುತ್ತದೆ, ಬೇಕಾದದ್ದು 200, ಅದು 70 ಮಾತ್ರ ಕೇಳುತ್ತದೆ. ಸಗಟು ವ್ಯಾಪಾರಿಯ ಬಳಿ ಆಗ 350 ಇರುತ್ತದೆ, ಅವನಿಗೆ ಬೇಕಾದದ್ದು 140. ಅವನು ಕಾರ್ಖಾನೆಗೆ ಏನನ್ನೂ ಕೇಳುವುದೇ ಇಲ್ಲ. ಕಾರ್ಖಾನೆಗೆ ಒಂದು ವಾರ 260, ಮರುವಾರ ಸೊನ್ನೆ. ಇಲ್ಲಿ ಯಾರೂ ಮೋಸ ಮಾಡಲಿಲ್ಲ, ಯಾರೂ ಕಾಳಸಂತೆ ನಡೆಸಲಿಲ್ಲ, ಎಲ್ಲರೂ ತಮ್ಮ ತಮ್ಮ ನಿಯಮವನ್ನು ಪಾಲಿಸಿದರು. ಆದರೂ ಒಂದು ಕಡೆ ಕೊರತೆ, ಇನ್ನೊಂದು ಕಡೆ ರಾಶಿ.

ಎಂಐಟಿಯ ಇಂಜಿನಿಯರ್ ಜೇ ಫಾರೆಸ್ಟರ್ ಇದನ್ನು 1958ರ ಲೇಖನವೊಂದರಲ್ಲೂ 1961ರ ಪುಸ್ತಕದಲ್ಲೂ ವಿವರಿಸಿದರು. ಕಂಪ್ಯೂಟರಿನ ಕಾಂತೀಯ ಸ್ಮೃತಿಯ ಮೇಲೆ ಕೆಲಸ ಮಾಡಿದವರು ಅವರೇ. ಎತ್ತಿನ ಬಾರುಕೋಲನ್ನು ಹಿಡಿಯ ಬಳಿ ಸ್ವಲ್ಪ ಅಲ್ಲಾಡಿಸಿದರೆ ತುದಿ ಎಷ್ಟು ಹಾರುತ್ತದೆ, ನೋಡಿದ್ದೀರಲ್ಲ? ಈ ಪರಿಣಾಮಕ್ಕೆ ಚಾಟಿಯ ಹೆಸರೇ ಅಂಟಿಕೊಂಡಿದೆ.

ಸಂತೇಪೇಟೆಯ ಉಪಾಯ

ತಾಯಿಯ ನುಚ್ಚು ಕೊನೆಗೆ ಸಿಕ್ಕಿದ್ದು ಸಂತೇಪೇಟೆಯಲ್ಲಿ. ದೇವರಾಜ ಮಾರುಕಟ್ಟೆಯಿಂದ ನಡೆದು ಹೋಗುವಷ್ಟು ದೂರದ ಈ ಪೇಟೆಯಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕುವುದೇ ಒಂದು ಪುಣ್ಯ. ಮೆಣಸಿನಕಾಯಿ ಘಾಟು, ಬೆಲ್ಲದ ಮೂಟೆ, ತಲೆಹೊರೆಯವರ "ಸೈಡ್ ಸೈಡ್". ಮೊದಲ ಅಂಗಡಿಯ ಯಜಮಾನರನ್ನು ಕೇಳಿದೆ. "ನಮ್ಮಲ್ಲಿ ಖಾಲಿ ಮೇಷ್ಟ್ರೇ, ಒಂದು ನಿಮಿಷ ಕೂತ್ಕೊಳಿ" ಎಂದು ಹುಡುಗನನ್ನು ಓಡಿಸಿದರು. ಮೂರನೆಯ ಅಂಗಡಿಯಿಂದ ಎರಡು ಕಿಲೋ ಬಂತು. ಬೆಲೆ ಗೋದಾಮಿಗಿಂತ ಸ್ವಲ್ಪ ಹೆಚ್ಚು, ಬಿಲ್ಲು ಹರಕು ಚೀಟಿ. ಆದರೆ 'ಇಲ್ಲ' ಎಂಬ ಮಾತು ಐದು ನಿಮಿಷದಲ್ಲಿ 'ಇದೆ' ಆಯಿತು.

ಪಕ್ಕದಂಗಡಿಯಿಂದ ತರಿಸಿಕೊಡುವ ಈ ಹಳೆಯ ಪದ್ಧತಿಯ ಹಿಂದೆ ಸಂಖ್ಯಾಶಾಸ್ತ್ರದ ಒಂದು ಸೊಗಸಾದ ನಿಯಮವಿದೆ. ಗಿರಾಕಿಗಳು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬಂದು ಕೊಳ್ಳುತ್ತಿದ್ದರೆ, ಮಾರಾಟದ ಏರಿಳಿತ ಸುಮಾರಾಗಿ ಸರಾಸರಿಯ ವರ್ಗಮೂಲದಷ್ಟಿರುತ್ತದೆ. ವಾರಕ್ಕೆ ಸರಾಸರಿ 100 ಪೊಟ್ಟಣ ಹೋಗುವ ಸರಕಿನಲ್ಲಿ ಏರಿಳಿತ 10ರಷ್ಟು, ಅಂದರೆ ನೂರಕ್ಕೆ ಹತ್ತು. ವಾರಕ್ಕೆ 4 ಮಾತ್ರ ಹೋಗುವ ಸರಕಿನಲ್ಲಿ ಏರಿಳಿತ 2, ಅಂದರೆ ನೂರಕ್ಕೆ ಐವತ್ತು. ಈ ಏರಿಳಿತದ ಎರಡರಷ್ಟನ್ನು ಹೆಚ್ಚಿಗೆ ಇಟ್ಟುಕೊಂಡರೆ ಸಾಮಾನ್ಯವಾಗಿ ಖಾಲಿಯಾಗುವುದಿಲ್ಲ ಎಂದಿಟ್ಟುಕೊಳ್ಳೋಣ. ವಾರಕ್ಕೆ 4 ಮಾರುವ 25 ಅಂಗಡಿಗಳು ಬೇರೆ ಬೇರೆ ಇದ್ದರೆ ತಲಾ 4ರಂತೆ ಒಟ್ಟು 100 ಪೊಟ್ಟಣ ಹೆಚ್ಚಿಗೆ ಬೇಕು. ಅದೇ 25 ಅಂಗಡಿಗಳು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುವಂತಿದ್ದರೆ ಒಟ್ಟು ಮಾರಾಟ 100, ಏರಿಳಿತ 10, ಹೆಚ್ಚಿಗೆ ಬೇಕಾದದ್ದು 20 ಮಾತ್ರ. ಐದರಲ್ಲಿ ಒಂದು ಪಾಲು! ಸಂತೇಪೇಟೆಯ ಯಜಮಾನರಿಗೆ ವರ್ಗಮೂಲದ ಹಂಗಿಲ್ಲ. ಆದರೆ ಆ ಬೀದಿಯ ಅಂಗಡಿಗಳೆಲ್ಲ ಸೇರಿ ಒಂದೇ ದೊಡ್ಡ ಉಗ್ರಾಣದಂತೆ ನಡೆಯುತ್ತವೆ. ರಿಂಗ್ ರಸ್ತೆಯ ಗೋದಾಮು ಎಷ್ಟೇ ದೊಡ್ಡದಾದರೂ ಅದಕ್ಕೆ ಪಕ್ಕದಂಗಡಿ ಇಲ್ಲ.

ಕಡಲಾಚೆಯ ಅಕ್ಕಿ ಮೂಟೆ

ಕೊರತೆಗೆ ನಾವೂ ಕಾರಣರಾಗುವುದುಂಟು. 2023ರ ಜುಲೈ 20ರಂದು ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಜಗತ್ತಿನ ಅಕ್ಕಿ ರಫ್ತಿನಲ್ಲಿ ಸುಮಾರು ನೂರಕ್ಕೆ ನಲವತ್ತು ಪಾಲು ನಮ್ಮದು. ಸುದ್ದಿ ಮುಟ್ಟಿದ್ದೇ ತಡ, ಅಮೆರಿಕದಲ್ಲಿರುವ ನಮ್ಮ ಜನ ಭಾರತೀಯ ಅಂಗಡಿಗಳಿಗೂ ಗೋದಾಮು ಮಳಿಗೆಗಳಿಗೂ ಧಾವಿಸಿ ಸೋನಾ ಮಸೂರಿಯ ಮೂಟೆಗಳನ್ನು ಹೇರಿಕೊಂಡರು. ಮನೆಗೊಂದೇ ಮೂಟೆ ಎಂದು ಕೆಲವು ಅಂಗಡಿಗಳು ಚೀಟಿ ಅಂಟಿಸಿದವು. ಹೊಸ ಹಡಗು ನಿಂತಿತ್ತು ನಿಜ. ಆದರೆ ಅಂಗಡಿಗಳನ್ನು ಒಂದೆರಡು ದಿನದಲ್ಲಿ ಬರಿದು ಮಾಡಿದ್ದು ನಿಷೇಧವಲ್ಲ, ಭಯ. ಆ ನಿಷೇಧ 2024ರ ಸೆಪ್ಟೆಂಬರ್‌ನಲ್ಲಿ ತೆರವಾಯಿತು. ಅದೇ 2023ರ ಜುಲೈನಲ್ಲಿ ಇಲ್ಲಿ ನಮ್ಮ ರಾಜ್ಯ ಪಡಿತರದ ಅಕ್ಕಿ ಸಿಗದೆ ದುಡ್ಡು ಹಂಚುತ್ತಿತ್ತೆಂಬುದನ್ನು ನೆನೆದರೆ, ಗಂಗಾವತಿಯ ಗದ್ದೆಗೂ ಅಮೆರಿಕದ ಅಡುಗೆಮನೆಗೂ ನಡುವಿನ ದಾರ ಎಷ್ಟು ಸಣ್ಣದೆಂದು ತಿಳಿಯುತ್ತದೆ.

ಇಲ್ಲೇ ಒಂದು ಮಾತು: ಸೋನಾ ಮಸೂರಿಯ 'ಮಸೂರಿ'ಗೂ ನಮ್ಮ ಮೈಸೂರಿಗೂ ನಂಟಿಲ್ಲ. ಮಲೇಷ್ಯಾದಲ್ಲಿ 1965ರಲ್ಲಿ ಬಿಡುಗಡೆಯಾದ ಮಹಸೂರಿ ಎಂಬ ತಳಿಯಿಂದ ಬಂದ ಹೆಸರದು.

2020ರ ಮಾರ್ಚ್‌ನ ಲಾಕ್‌ಡೌನಿನಲ್ಲಿ ಇದೇ ಭಯವನ್ನು ಮೈಸೂರಿನಲ್ಲೂ ಕಂಡೆವು. ಮಾರುಕಟ್ಟೆಗಳ ವ್ಯಾಪಾರ ಬಯಲು ಮೈದಾನಗಳಿಗೆ ಹೋಯಿತು. ಕಾರಿದ್ದವರು ಮೂರು ತಿಂಗಳ ಸಾಮಾನು ತುಂಬಿಕೊಂಡರು. ದಿನಗೂಲಿಯವರು ಸಂಜೆ ಕಾಸು ಹಿಡಿದು ಬರುವ ಹೊತ್ತಿಗೆ ಎಣ್ಣೆ, ಬೇಳೆ ಮುಗಿದಿರುತ್ತಿತ್ತು. ಒಬ್ಬರ ಮನೆಯ ಎರಡನೆಯ ಮೂಟೆ ಇನ್ನೊಬ್ಬರ ಮನೆಯ ಮೊದಲನೆಯ ಮೂಟೆಯಾಗಿರಬಹುದು ಎಂಬುದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಬೇಕು.

ಬೀದಿ ಕೊನೆಯ ಅಂಗಡಿ

ಆ ದಿನಗಳಲ್ಲಿ ನಮ್ಮ ಬೀದಿಗೆ ಆಸರೆಯಾದದ್ದು ಮೂಲೆಯ ಸಣ್ಣ ಅಂಗಡಿ. ಯಜಮಾನರು ಮುಂಜಾನೆ ನಾಲ್ಕಕ್ಕೆ ಎದ್ದು ಬಂಡೀಪಾಳ್ಯಕ್ಕೆ ಹೋಗಿ ಸಿಕ್ಕಿದ್ದನ್ನು ತರುತ್ತಿದ್ದರು, ಮನೆಗೆ ಇಷ್ಟೆಂದು ಅಳೆದು ಕೊಡುತ್ತಿದ್ದರು, ಕಾಸಿಲ್ಲದವರಿಗೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮುಂದೆ ಎಲ್ಲವೂ ಸರಿಹೋಯಿತು. ಜನ ಮತ್ತೆ ರಿಂಗ್ ರಸ್ತೆಗೆ ಹೋದರು. ಮೂಲೆಯಂಗಡಿಯಲ್ಲಿ ಕೊತ್ತಂಬರಿ ಸೊಪ್ಪು, ಬೆಂಕಿಪೊಟ್ಟಣ, ತುರ್ತಿಗೊಂದು ಮೊಸರು, ಇಷ್ಟು ಮಾತ್ರ ಕೊಳ್ಳುವುದು ರೂಢಿಯಾಯಿತು. ಬೆಂಕಿಪೊಟ್ಟಣದ ಲಾಭದಲ್ಲಿ ಬಾಡಿಗೆ ಕಟ್ಟಲಾಗುತ್ತದೆಯೆ? ಹೋದ ವರ್ಷ ಅಂಗಡಿ ಮುಚ್ಚಿತು. ಈಗ ಅಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ.

ಅದರ ನಷ್ಟ ಎಲ್ಲರಿಗೂ ಒಂದೇ ಸಮನಲ್ಲ. ನನಗೆ ಸ್ಕೂಟರ್ ಇದೆ. ಗೋದಾಮಿನಲ್ಲಿ ಇಲ್ಲವೆಂದರೆ ಸಂತೇಪೇಟೆಗೆ ಹೋಗುತ್ತೇನೆ. ನಮ್ಮ ಎದುರು ಮನೆಯ ಅಜ್ಜಿ ಒಬ್ಬರೇ ಇದ್ದಾರೆ, ಮಗ ಹೊರದೇಶದಲ್ಲಿ. ಮೂಲೆಯಂಗಡಿಗೆ ಗೋಡೆ ಹಿಡಿದುಕೊಂಡು ನಡೆದು ಹೋಗುತ್ತಿದ್ದರು. ಈಗ ಅವರಿಗೆ ಬೇಕಾದ ಅವಲಕ್ಕಿಗೂ ಬೇರೆಯವರ ದಾರಿ ಕಾಯಬೇಕು. ಫೋನಿನಲ್ಲಿ ತರಿಸಬಹುದಲ್ಲ ಎನ್ನುತ್ತಾರೆ. ಕಣ್ಣು ಮಂಜಾದವರಿಗೆ ಆ ಪರದೆ ಇನ್ನೊಂದು ಮುಚ್ಚಿದ ಬಾಗಿಲು. ಗೋದಾಮಿನ 'ಇಲ್ಲ' ಸಹಿಸಬಹುದಾದದ್ದು ಪಕ್ಕದಲ್ಲಿ ಇನ್ನೊಂದು ಅಂಗಡಿ ಇರುವವರೆಗೆ ಮಾತ್ರ.

ಹಾಗೆಂದು ದೊಡ್ಡ ಮಳಿಗೆಗೆ ಹೋಗಲೇಬೇಡಿ ಎಂದು ನಾನು ಹೇಳುವುದಿಲ್ಲ. ನಾನೂ ಹೋಗುತ್ತೇನೆ. ತಾಯ್ತಂದೆಯರು ಮಾಡಬಹುದಾದದ್ದು ಇಷ್ಟು. ತಿಂಗಳ ಚೀಟಿಯನ್ನು ಎರಡು ಭಾಗ ಮಾಡಿ. ಯಾವ ಕಂಪನಿಯದಾದರೂ ನಡೆಯುವ ಸಕ್ಕರೆ, ಸಾಬೂನು, ಎಣ್ಣೆ ಒಂದು ಕಡೆ. ಇದೇ ಆಗಬೇಕು, ಇಲ್ಲದಿದ್ದರೆ ಮನೆಯಲ್ಲಿ ಒಬ್ಬರ ಊಟ ತಪ್ಪುತ್ತದೆ ಎಂಬಂಥದ್ದು ಇನ್ನೊಂದು ಕಡೆ. ಮೊದಲನೆಯದನ್ನು ಅಗ್ಗ ಸಿಕ್ಕಿದಲ್ಲಿ ಕೊಳ್ಳಿ. ಎರಡನೆಯದನ್ನು ನಿಮ್ಮ ಹೆಸರು ಗೊತ್ತಿರುವ ಅಂಗಡಿಯಲ್ಲಿ, ತಿಂಗಳು ತಪ್ಪದೆ, ಎರಡು ರೂಪಾಯಿ ಹೆಚ್ಚಾದರೂ ಕೊಳ್ಳಿ. ವಾಡಿಕೆಯ ಗಿರಾಕಿ ಇದ್ದಾನೆಂದು ಗೊತ್ತಾದರೆ ಅಂಗಡಿಯವರು ತರಿಸಿಡುತ್ತಾರೆ. ದೊಡ್ಡ ಮಳಿಗೆಯಲ್ಲಿ ಲೆಕ್ಕ ತಪ್ಪಿದೆ ಎಂದು ಕಂಡರೆ ಕೆಳಗಿನ ಹುಡುಗನ ಮೇಲೆ ಕೂಗಾಡದೆ ಮೇಲ್ವಿಚಾರಕರಿಗೆ ಬರೆದು ಕೊಡಿ. ಎಣಿಸಿ ತಿದ್ದುವ ಅಧಿಕಾರ ಇರುವವರು ಅವರು.

ವಿದ್ಯಾರ್ಥಿಗಳಿಗೆ ಬೇಸಿಗೆ ರಜೆಗೊಂದು ಪ್ರಯೋಗ. ನಿಮ್ಮ ಮನೆಗೆ ಬೇಕಾದ ಹತ್ತು ಸಾಮಾನುಗಳನ್ನು ಆರಿಸಿ. ಅದರಲ್ಲಿ ಮೂರು ನಿಧಾನಕ್ಕೆ ಮಾರಾಟವಾಗುವಂಥವು ಇರಲಿ: ಹುರಿಹಿಟ್ಟು, ನವಣೆ, ನುಚ್ಚು. ಒಂದು ದೊಡ್ಡ ಮಳಿಗೆ, ಒಂದು ಮೂಲೆಯಂಗಡಿ, ಸಂತೇಪೇಟೆಯದೋ ಮಂಡಿ ಮೊಹಲ್ಲಾದ್ದೋ ಒಂದು ಅಂಗಡಿ, ಈ ಮೂರಕ್ಕೂ ಆರು ಶನಿವಾರ ಹೋಗಿ ಇದೆ, ಇಲ್ಲ ಎಂದು ಗುರುತು ಹಾಕಿ. ಒಟ್ಟು 180 ಗುರುತುಗಳಾಗುತ್ತವೆ. 'ಇಲ್ಲ' ಎಂದಾಗ ಮೂರು ಪ್ರಶ್ನೆ ಕೇಳಿ: ಯಾಕೆ ಇಲ್ಲ, ಯಾವಾಗ ಬರುತ್ತದೆ, ಬೇರೆಲ್ಲಿ ಸಿಗುತ್ತದೆ. ಉತ್ತರವನ್ನೂ ಬರೆದುಕೊಳ್ಳಿ. ಯಾವ ಅಂಗಡಿಯಲ್ಲಿ ಹೆಚ್ಚು ಸಾಮಾನು ಇತ್ತು ಎಂಬುದು ಗುರುತಿನಿಂದ ತಿಳಿಯುತ್ತದೆ. ಯಾವ ಅಂಗಡಿಯಲ್ಲಿ ಈ ಮೂರು ಪ್ರಶ್ನೆಗೂ ಉತ್ತರ ಕೊಡಬಲ್ಲ ಮನುಷ್ಯರಿದ್ದರು ಎಂಬುದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬೇರೆಯಾಗಿ ಬರೆಯಿರಿ. ಶಾಲೆ ತೆರೆದ ಮೇಲೆ ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ. ಅದಕ್ಕೂ ಮೊದಲು ಆ ಮೂರೂ ಅಂಗಡಿಯವರಿಗೆ ತೋರಿಸಿ.